ಗೋವಾದ ಸಾಯಬನಿಗೆ ನವಲಗುಂದದ ಅರ್ಜಿ

ನಮ್ಮ ಚಿಗವ್ವನ ಜಗುಲಿಯ ಮೇಲೆ ದೇವರುಗಳಿಗೆ ಜಾಗ ಸಾಲುವುದಿಲ್ಲ. ಸವದತ್ತಿ ಎಲ್ಲಮ್ಮ, ನವಲಗುಂದದ ನಾಗಲಿಂಗಜ್ಜ, ಯಮನೂರಿನ ಚಾಂಗದೇವ. ಅವರನ್ನು ಒತ್ತಿಕೊಂಡು ಕರಿ ನಿಲುವಂಗಿ ತೊಟ್ಟು, ಕೈಯಲ್ಲಿ ಶಿಲುಬೆ ಹಿಡಿದ ಗಡ್ಡದ ಪರದೇಶಿಯೊಬ್ಬ. ಮಂಗಳವಾರ, ಶುಕ್ರವಾರ ಎಲ್ಲರಿಗೂ ಒಂದೇ ಕುಂಕುಮ, ಒಂದೇ ಊದಿನಕಡ್ಡಿ. ಆ ಪರದೇಶಿ ಸಂತ ಫ್ರಾನ್ಸಿಸ್ ಕ್ಸೇವಿಯರ್. ಗೋವಾದವರು ಅವನನ್ನು ‘ಗೋಂಯ್ಚೊ ಸಾಯಬ’ ಎಂದು ಕರೆಯುತ್ತಾರೆ. ಚಿಗವ್ವನ ನಾಲಿಗೆ ಅಷ್ಟು ಹೊರಳುವುದಿಲ್ಲ, ಆಕೆಗೆ ಅವನು ಬರೇ ಸಾಯಬ.

ಅವನು ನಮ್ಮ ಮನೆಗೆ ಬಂದದ್ದು ಬರಗಾಲದ ಕೈಹಿಡಿದು. 2002ರ ಸುಮಾರಿಗೆ ನಮ್ಮ ಎರಿಹೊಲಗಳು ಬಾಯಿ ಬಿಟ್ಟು ಕೂತಿದ್ದವು. ಮಲಪ್ರಭೆಯ ಕಾಲುವೆಯೊಳಗೆ ಹುಡುಗರು ಚಿಣಿಫಣಿ ಆಡುತ್ತಿದ್ದರು. ಊರಿನ ಅರ್ಧ ಜನ ಹುಬ್ಬಳ್ಳಿಯಲ್ಲಿ ಗಾಡಿ ಹತ್ತಿ ಗೋವಾಕ್ಕೆ ದುಡಿಯಲು ಹೋದರು, ಕಾಕಾ ಮತ್ತು ಚಿಗವ್ವ ಕೂಡ. ವಾಸ್ಕೋದಲ್ಲಿ ಸಿಮೆಂಟಿನ ಬುಟ್ಟಿ ಹೊರುವಾಗ ಕಾಕಾ ಜಾರಿ ಬಿದ್ದು ಕಾಲು ಮುರಿದುಕೊಂಡ. ಗುತ್ತಿಗೆದಾರ ಆ ವಾರದ ಪಗಾರವನ್ನೂ ಕೊಡದೆ ಮುಖ ತಪ್ಪಿಸಿದ. ಆಗ ಪಕ್ಕದ ಮನೆಯ ಕೊಂಕಣಿ ಬಾಯಿಯೊಬ್ಬಳು ಚಿಗವ್ವನನ್ನು ಹಳೇ ಗೋವಾಕ್ಕೆ ಕರೆದುಕೊಂಡು ಹೋಗಿ, ಇಗರ್ಜಿಯ ಹೊರಗಿನ ಅಂಗಡಿಯಲ್ಲಿ ಮೇಣದ ಕಾಲೊಂದನ್ನು ಕೊಡಿಸಿದಳಂತೆ. ಕೈ, ಕಾಲು, ಕಣ್ಣು, ಮಗು, ಬೇಕಾದ ಅಂಗವೆಲ್ಲ ಅಲ್ಲಿ ಮೇಣದಲ್ಲಿ ಸಿಗುತ್ತವೆ. ದೇವಿಗೆ ಬೆಳ್ಳಿಯ ಕಣ್ಣು ಒಪ್ಪಿಸಿ ಗೊತ್ತಿದ್ದ ಚಿಗವ್ವನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಕಾಕಾನ ಕಾಲು ಕೂಡಿತು, ಸಾಯಬನ ಪಟ ಊರಿಗೆ ಬಂತು.

ನಮ್ಮ ಸೀಮೆಯಲ್ಲಿ ಇದನ್ನು ಕಂಡು ಯಾರೂ ಹುಬ್ಬೇರಿಸಲಿಲ್ಲ. ಯಮನೂರಿನಲ್ಲಿ ಹಿಂದೂಗಳು ಚಾಂಗದೇವ ಎಂದು ಕೈಮುಗಿಯುವವನನ್ನೇ ಮುಸ್ಲಿಮರು ರಾಜಾಬಾಗ ಸವಾರ ಎಂದು ನೆನೆಯುತ್ತಾರೆ. ಬೆಣ್ಣಿಹಳ್ಳದ ಒಂದೇ ನೀರಿನಲ್ಲಿ ಇಬ್ಬರೂ ಮುಳುಗಿ ಏಳುತ್ತಾರೆ. ನಾಗಲಿಂಗಜ್ಜನ ಮಠದಲ್ಲಿ ಬೈಬಲ್ಲೇ ಇದೆ. ಅಜ್ಜ ಅದಕ್ಕೆ ಮೊಳೆ ಹೊಡೆದಿದ್ದನೆಂದೂ, ಆ ತೂತು ತಾನಾಗಿ ಮುಚ್ಚಿಕೊಳ್ಳುತ್ತಿದೆಯೆಂದೂ ಜನ ಹೇಳುತ್ತಾರೆ. ಇಂಥ ಊರಿನವರಿಗೆ ಶಿಲುಬೆಯ ಪಟವೊಂದು ಭಾರವೇ?

ಭಾರವಾದದ್ದು ನನಗೆ, ಓದು ತಲೆಗೆ ಹತ್ತಿದ ಮೇಲೆ. ಈ ಸಾಯಬ ಯಾರೆಂದು ನೋಡೋಣವೆಂದು ಪುಸ್ತಕ ಹಿಡಿದೆ. 1506ರಲ್ಲಿ ನವಾರ್ ಸೀಮೆಯ ಕ್ಸೇವಿಯರ್ ಕೋಟೆಯಲ್ಲಿ ಹುಟ್ಟಿದವನು. ಬಾಲ್ಯದಲ್ಲೇ ಯುದ್ಧ ಬಂದು ಮನೆತನದ ಐಸಿರಿ ಹೋಯಿತು, ಕೋಟೆಯ ಗೋಡೆಗಳನ್ನು ಗೆದ್ದವರು ಕೆಡವಿದರು. ಪ್ಯಾರಿಸಿಗೆ ಓದಲು ಹೋದಾಗ ಜತೆಗೆ ಸಿಕ್ಕವನು ಇಗ್ನೇಷಿಯಸ್ ಲೊಯೋಲಾ. 1534ರ ಆಗಸ್ಟ್ 15ರಂದು ಏಳು ಗೆಳೆಯರು ಮೋಮಾರ್ತ್ರ್ ಗುಡ್ಡದ ಮೇಲೆ ಪ್ರತಿಜ್ಞೆ ಮಾಡಿದರು. ಅದೇ ಮುಂದೆ ಜೆಸ್ವಿಟ್ ಸಂಘವಾಯಿತು. ಇಂಡಿಯಾಕ್ಕೆ ಹೊರಡಬೇಕಾಗಿದ್ದವನು ಇವನಲ್ಲ, ಬೊಬಾದಿಯಾ ಎಂಬ ಗೆಳೆಯ. ಅವನು ಜಡ್ಡಿಗೆ ಬಿದ್ದ. ಒಂದೆರಡು ದಿನದ ಸೂಚನೆಯಲ್ಲಿ ಇವನು ಹರಕು ಬಟ್ಟೆಗೆ ಹೊಲಿಗೆ ಹಾಕಿಕೊಂಡು ರೋಮ್ ಬಿಟ್ಟ. ತನ್ನ ಮೂವತ್ತೈದನೆಯ ಹುಟ್ಟುಹಬ್ಬದಂದು ಲಿಸ್ಬನ್ನಿನಲ್ಲಿ ಹಡಗು ಹತ್ತಿದವನು ಗೋವಾ ಮುಟ್ಟಿದ್ದು 1542ರ ಮೇ 6ಕ್ಕೆ, ಹದಿಮೂರು ತಿಂಗಳ ಮೇಲೆ.

ಬದಲಿ ಆಳಾಗಿ ಬಂದವನ ದುಡಿಮೆ ಸಣ್ಣದಲ್ಲ. ಆಸ್ಪತ್ರೆಯಲ್ಲಿ ರೋಗಿಗಳ ನಡುವೆ ವಾಸ, ಜೈಲಿನವರ ಭೇಟಿ, ಭಾನುವಾರ ಕುಷ್ಠರೋಗಿಗಳ ಸೇವೆ. ಬೀದಿಯಲ್ಲಿ ಕೈಗಂಟೆ ಬಾರಿಸುತ್ತ ಮಕ್ಕಳನ್ನೂ ಆಳುಗಳನ್ನೂ ಕರೆದು ಪ್ರಾರ್ಥನೆ ಕಲಿಸುವುದು. ಮುತ್ತಿನ ಕರಾವಳಿಯ ಮೀನುಗಾರರ ನಡುವೆ ತಮಿಳಿನ ಪ್ರಾರ್ಥನೆಗಳನ್ನು ಉರುಹೊಡೆದು ಒಪ್ಪಿಸಿದ. ದೀಕ್ಷೆಯ ನೀರು ಹಾಕಿ ಹಾಕಿ ತೋಳು ಸೋತುಹೋಗುತ್ತಿತ್ತೆಂದು ತಾನೇ ಬರೆದಿದ್ದಾನೆ. ಅಲ್ಲಿಂದ ಮಲಕ್ಕಾ, ಮಲುಕು ದ್ವೀಪಗಳು, ಜಪಾನ್. ಗೆಳೆಯರ ಪತ್ರಗಳಿಂದ ಅವರ ಸಹಿಗಳನ್ನಷ್ಟೇ ಕತ್ತರಿಸಿ ಕೊರಳಿಗೆ ಕಟ್ಟಿಕೊಂಡು ತಿರುಗುತ್ತಿದ್ದನಂತೆ. ಇದನ್ನು ಓದಿ ಹೇಳಿದಾಗ ಚಿಗವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಪರಸ್ಥಳಕ್ಕ ದುಡ್ಯಾಕ ಹೋದಾಂವ್ಗ ತನ್ನ ಮಂದಿ ನೆನಪಾಗ್ತಾರ ತಮ್ಮಾ,” ಎಂದಳು. ವಾಸ್ಕೋದ ತಗಡಿನ ಶೆಡ್ಡಿನಲ್ಲಿ ಮಲಗೆದ್ದವಳಿಗೆ ಟಿಪ್ಪಣಿ ಬೇಕಾಗಲಿಲ್ಲ.

ಅದೇ ಪುಸ್ತಕದ ಮುಂದಿನ ಪುಟಗಳನ್ನು ಆಕೆಗೆ ಓದಿ ಹೇಳಲು ನಾಲಿಗೆ ಏಳಲಿಲ್ಲ. ಹೊಸದಾಗಿ ಕ್ರೈಸ್ತರಾದ ಜನ ತಾವು ಪೂಜಿಸಿದ ಮೂರ್ತಿಗಳನ್ನು ತಾವೇ ಒಡೆಯುವುದನ್ನು ಕಂಡು ಹಿಗ್ಗಿದ್ದೇನೆಂದು ಇವನು ಬರೆದಿದ್ದಾನೆ. ಗೋವಾಕ್ಕೆ ಇನ್‌ಕ್ವಿಸಿಷನ್, ಎಂದರೆ ಧರ್ಮ ತಪ್ಪಿದವರನ್ನು ವಿಚಾರಿಸುವ ನ್ಯಾಯಾಲಯ, ಬೇಕೆಂದು 1546ರಲ್ಲಿ ಪೋರ್ಚುಗಲ್ ದೊರೆಗೆ ಪತ್ರ ಹಾಕಿದವನೂ ಇವನೇ. ಅದು ಬಂದದ್ದು 1560ರಲ್ಲಿ, ಇವನು ಸತ್ತ ಮೇಲೆ. ಆದರೆ 1812ರವರೆಗೂ ಉಳಿಯಿತು. ಅದರ ಕಾಲದಲ್ಲಿ ಗೋವಾ ಬಿಟ್ಟು ಕನ್ನಡ ಕರಾವಳಿಗೆ ಇಳಿದವರಲ್ಲಿ ಹಿಂದೂಗಳೂ ಇದ್ದರು, ಕ್ರೈಸ್ತರೂ ಇದ್ದರು. ಎಲ್ಲಮ್ಮ, ಚಾಂಗದೇವ, ನಾಗಲಿಂಗಜ್ಜ ಕೂತ ಜಗುಲಿ ಇವನ ಕಣ್ಣಿಗೆ ಬಿದ್ದಿದ್ದರೆ ಮೊದಲು ಅದನ್ನೇ ಕೆಡವಿಸುತ್ತಿದ್ದ. ಈಗ ಅದೇ ಜಗುಲಿಯ ಮೇಲೆ ಹಣೆಗೆ ಕುಂಕುಮ ಹಚ್ಚಿಸಿಕೊಂಡು ಕೂತಿದ್ದಾನೆ! ಬದುಕಿದ್ದಾಗ ಊರೂರು ಸುತ್ತಿ ಜನರನ್ನು ತನ್ನ ದೇವರ ಕಡೆ ಎಳೆದ, ಸತ್ತ ಮೇಲೆ ಜನ ಅವನನ್ನು ತಮ್ಮ ಕಷ್ಟದ ಕಡೆ ಎಳೆದುಕೊಂಡರು. ಎರಡನೆಯ ಎಳೆತವೇ ಬಲವಾದದ್ದು.

ಸತ್ತದ್ದು 1552ರ ಡಿಸೆಂಬರ್ 3ರಂದು, ಚೀನಾದ ಅಂಚಿನ ಸಾಂಚಿಯನ್ ದ್ವೀಪದ ಗುಡಿಸಲಿನಲ್ಲಿ, ಒಳನಾಡಿಗೆ ಒಯ್ಯುವ ದೋಣಿಯ ಹಾದಿ ಕಾಯುತ್ತ. ಎಲುಬು ಬೇಗ ಬಿಡಿಸಿಕೊಳ್ಳಲಿ ಎಂದು ಪೆಟ್ಟಿಗೆಗೆ ಸುಣ್ಣ ತುಂಬಿ ಹೂತರು. ತಿಂಗಳುಗಳ ಮೇಲೆ ತೆಗೆದರೆ ದೇಹ ಕೆಟ್ಟಿರಲಿಲ್ಲವಂತೆ. ಮಲಕ್ಕಾ ಹಾದು 1554ರಲ್ಲಿ ಗೋವಾಕ್ಕೆ ಬಂತು. 1614ರಲ್ಲಿ ಬಲಗೈ ರೋಮಿಗೆ ಹೋಯಿತು, 1622ರಲ್ಲಿ ಸಂತಪದವಿ ಬಂತು. ಉಳಿದ ದೇಹ ಬೊಂ ಜೀಸಸ್ ಇಗರ್ಜಿಯಲ್ಲಿದೆ, ಗೋವಾದ ಅಕ್ಕಸಾಲಿಗರು ಮಾಡಿದ ಬೆಳ್ಳಿಯ ಪೆಟ್ಟಿಗೆಯಲ್ಲಿ.

ಹತ್ತು ವರ್ಷಕ್ಕೊಮ್ಮೆ ಅದನ್ನು ಕೆಳಗಿಳಿಸಿ ಎದುರಿನ ಸೆ ಕೆಥೆಡ್ರಲ್ಲಿನಲ್ಲಿ ದರ್ಶನಕ್ಕಿಡುತ್ತಾರೆ. 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ಇಟ್ಟಾಗ ಚಿಗವ್ವ ಹಟ ಹಿಡಿದಳು. ಈ ಸಲ ಕಾಲಿನ ಹರಕೆಯಲ್ಲ, ನೀರಿನ ಅರ್ಜಿ. ಇಗರ್ಜಿಗಳ ಬೆನ್ನಿಗೆ ಹರಿಯುವ ಮಾಂಡೋವಿ ನಮ್ಮ ಮಹದಾಯಿಯೇ. ಖಾನಾಪುರದ ಕಾಡಿನಲ್ಲಿ ಹುಟ್ಟುವ ಆ ನದಿಯ ನೀರನ್ನು ಕಳಸಾ-ಬಂಡೂರಿ ಹಳ್ಳಗಳಿಂದ ಮಲಪ್ರಭೆಗೆ ತಿರುಗಿಸಿರೆಂದು ನವಲಗುಂದ, ನರಗುಂದದವರು ವರ್ಷಗಟ್ಟಲೆ ಧರಣಿ ಕೂತರು. 2016ರಲ್ಲಿ ಯಮನೂರಿನವರು ಲಾಠಿಯ ಏಟನ್ನೂ ತಿಂದರು. 2018ರ ಆಗಸ್ಟ್ 14ರಂದು ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಕೊಟ್ಟಿತು, ಅದರಲ್ಲಿ ಮಲಪ್ರಭೆಯ ಪಾಲು 3.9. ಕಾಗದದ ಮೇಲಿನ ನೀರು ಕಾಲುವೆಗೆ ಇಳಿದಿಲ್ಲ.

“ಚಿಗವ್ವಾ, ಗೋವಾದವರ ಸಾಯಬನ ಮುಂದ ಗೋವಾದ ನೀರು ಬೇಡತೀಯೇನು?” ಎಂದೆ. ಆದರೆ ಯೋಚಿಸಿದರೆ ಆಕೆ ಹಿಡಿದದ್ದು ಸರಿಯಾದ ಕಚೇರಿ. 1683ರಲ್ಲಿ ಸಂಭಾಜಿ ಗೋವಾದ ಮೇಲೆ ಏರಿ ಬಂದಾಗ ಪೋರ್ಚುಗೀಸ್ ವೈಸರಾಯ್ ಕಂಗೆಟ್ಟು, ತನ್ನ ಅಧಿಕಾರದಂಡವನ್ನು ಸಂತನ ಪೆಟ್ಟಿಗೆಯೊಳಗಿಟ್ಟು ನೀನೇ ಕಾಯಬೇಕೆಂದು ಮೊರೆಯಿಟ್ಟ. ಮೊಗಲರು ಬೆನ್ನಿಗೆ ಬಂದದ್ದರಿಂದ ಸಂಭಾಜಿ ಹಿಂದಿರುಗಿದ, ಯಶಸ್ಸು ಸಂತನ ಖಾತೆಗೆ ಜಮಾ ಆಯಿತು. ಗೋವಾದ ಅಧಿಕಾರಿಗಳಲ್ಲಿ ಇವನಿಗಿಂತ ದೀರ್ಘ ಸೇವೆ ಸಲ್ಲಿಸಿದವರು ಯಾರಿದ್ದಾರೆ?

ಸಾಲು ಉದ್ದವಿತ್ತು. ಗಾಜಿನೊಳಗೆ ಕಂಡದ್ದು ಒಣಗಿ ಕಪ್ಪಾದ ಸಣ್ಣ ದೇಹ. ಬಲಗೈ ಇಲ್ಲವೆಂದು ಪಿಸುಗುಟ್ಟಿದೆ. “ಹಂಗಾರ ಎಡಗೈಲೇ ಕೊಡವಲ್ನ್ಯಾಕ,” ಎಂದು ಚಿಗವ್ವ ಕಣ್ಣು ಮುಚ್ಚಿ ಅರ್ಜಿ ಒಪ್ಪಿಸಿದಳು, ಸಾಲಿನವರು ತಳ್ಳುವವರೆಗೂ. ಹೊರಗೆ ನೆರಳಿನಲ್ಲಿ ಕೂತಾಗ ಪಕ್ಕದ ಗೋವಾದ ಮುದುಕ ಮುರುಕು ಕನ್ನಡದಲ್ಲಿ ಏನು ಬೇಡಿದಿರೆಂದು ಕೇಳಿದ. ಈಕೆ ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಳು. ಅವನು ಹೊಟ್ಟೆ ಹಿಡಿದು ನಕ್ಕ. ನದಿಯನ್ನು ಯಾರೂ ತಿರುಗಿಸದಂತೆ ನೋಡಿಕೊ ಎಂದು ತಾನು ಆಗಷ್ಟೇ ಬೇಡಿ ಬಂದಿದ್ದನಂತೆ. ಹೊಳೆ ಬತ್ತಿದರೆ ಸಮುದ್ರದ ಉಪ್ಪು ಹೊಲಕ್ಕೆ ಏರುತ್ತದೆ ಎಂದ. ಚಿಗವ್ವನೂ ಹೊಲದವಳೇ, ತಲೆಯಾಡಿಸಿದಳು. ನೀರಿನ ಬಾಟಲಿ ಇಬ್ಬರ ನಡುವೆ ಕೈ ಬದಲಾಯಿತು.

ಬಸ್‌ಸ್ಟ್ಯಾಂಡಿನ ಹಾದಿಯಲ್ಲಿ ಆಕೆ ಸೆರಗಿನ ಗಂಟು ಬಿಚ್ಚಿ ಮತ್ತೊಂದು ಮೇಣಬತ್ತಿ ಕೊಂಡಳು. ಇದು ಯಾರ ಹೆಸರಿನದೆಂದು ಕೇಳಿದೆ.

“ಸಾಯಬನ ಹೆಸರಿಂದು. ನಾ ಒಂದ ಬೇಡೀನಿ, ಆ ಯಜಮಾನ ಒಂದ ಬೇಡ್ಯಾನ. ಪಾಪ, ಅಂವಗೂ ಕಷ್ಟ ಬಂದೈತಿ.”