ತಟ್ಟೆಯ ಹಿಂಬದಿ

ಕವಿಯು ತನ್ನ ಕೃತಿಗಳಲ್ಲಿ ಯಾವುದನ್ನು ಮೇಲೆಂದು ಎಣಿಸುವನೋ ಅದನ್ನೇ ಲೋಕವೂ ಮೇಲೆಂದು ಎಣಿಸಬೇಕೆಂಬ ನಿಯಮವಿಲ್ಲ. ಸಂಗೀತಗಾರನ ಪಾಡೂ ಇದಕ್ಕೆ ಹೊರತಲ್ಲ. ಇದಕ್ಕೆ ನಿದರ್ಶನವಾಗಿ ಕನ್ನಡ ನಾಡಿನಲ್ಲಿಯೇ ಹುಟ್ಟಿದ ಒಬ್ಬರ ಡಿಸ್ಕೋ ಹಾಡೊಂದನ್ನು ವಾಚಕರ ಮುಂದಿಡುವೆನು.

ಬಿದ್ದು ಅಪ್ಪಯ್ಯನವರು ಬೆಂಗಳೂರಿನಲ್ಲಿ ಜನಿಸಿದ ಕೊಡವರು. ಯೌವನದಲ್ಲಿ ಆ ಊರಿನಲ್ಲಿಯೇ ಗೆಳೆಯರೊಡನೆ 'ಟ್ರೋಜನ್ಸ್' ಎಂಬ ವೃಂದವನ್ನು ಕಟ್ಟಿ ಹಾಡುತ್ತಿದ್ದು, ಬಳಿಕ ಲಂಡನ್ನಿಗೆ ತೆರಳಿದರು. 1974ರಲ್ಲಿ ಜಮೈಕ ಮೂಲದ ಗಾಯಕ ಕಾರ್ಲ್ ಡಗ್ಲಸರಿಂದ ಒಂದು ಗೀತೆಯನ್ನು ಹಾಡಿಸಿ ಮುದ್ರಿಸಿದರು. ತಟ್ಟೆಗೆ ಎರಡು ಮೈಗಳಿರುವುದರಿಂದ ಹಿಂಬದಿಗೂ ಏನಾದರೊಂದು ಬೇಕಷ್ಟೆ. ಗೊತ್ತುಪಡಿಸಿದ ವೇಳೆಯ ಕೊನೆಯ 10 ನಿಮಿಷಗಳಲ್ಲಿ 'ಕುಂಗ್ ಫು ಫೈಟಿಂಗ್' ಎಂಬ ಹಾಡನ್ನು ಅವಸರದಿಂದ ಮುಗಿಸಿದರು. ಕೇಳಿದ ಕಂಪೆನಿಯವರು ಅದನ್ನೇ ಮುಂಬದಿಗೆ ತಂದರು. ಆಗಲೂ ಮೊದಲ ಕೆಲವು ವಾರ ರೇಡಿಯೋ ಅದನ್ನು ಕಡೆಗಣಿಸಿತು. ಕೈಹಿಡಿದವರು ನರ್ತನಶಾಲೆಗಳ ಜನರು. ವರ್ಷ ಮುಗಿಯುವುದರೊಳಗಾಗಿ ಅದು ಇಂಗ್ಲೆಂಡು, ಅಮೆರಿಕಗಳೆರಡರಲ್ಲಿಯೂ ಅಗ್ರಸ್ಥಾನವನ್ನು ಪಡೆಯಿತು.

ಇದನ್ನೋದಿದಾಗ ನನಗೆ ನೆನಪಾದುದು ನಮ್ಮ ಭೀಮಾತೀರದ ತತ್ತ್ವಪದಗಳು. ಕಡಕೋಳ ಮಡಿವಾಳಪ್ಪನವರ ಪದಗಳು ಬಹುಕಾಲ ಬಾಳಿದುದು ಅಚ್ಚಿನ ಬಲದಿಂದಲ್ಲ, ಏಕತಾರಿ ಹಿಡಿದ ಹಳ್ಳಿಗರ ಕೊರಳಿನ ಬಲದಿಂದ. ಹಿಂದೊಮ್ಮೆ ಚೌಡಾಪುರದ ನಮ್ಮ ಮನೆಯಲ್ಲಿ ಹುಡುಗರು ಬಿದ್ದು ಅವರ ಹಾಡನ್ನು ಮೊಬೈಲಿನಲ್ಲಿ ಹಾಕಿದ್ದರು. ಭಜನೆಯ ಹಿರಿಯರೊಬ್ಬರು ಜಗಲಿಯಲ್ಲಿದ್ದರು. ಇಂಗ್ಲಿಷಿನ ಗಂಧವಿಲ್ಲದ ಅವರ ಬೆರಳು ಮಾತ್ರ ಆ ನಾಲ್ಕು ಸಮನಾದ ಪೆಟ್ಟುಗಳನ್ನು ತಪ್ಪದೆ ಎಣಿಸುತ್ತಿದ್ದಿತು. "ಇದು ಯಾವ ಊರವರ ಪದ?" ಎಂದು ಕೇಳಿದರು. ಬೆಂಗಳೂರಿನವರದೆಂದಾಗ ಅವರು ನಂಬಲಿಲ್ಲ!

ಆದರೆ ಜನರು ಮೆಚ್ಚಿದುದೆಲ್ಲವೂ ನಿರ್ದೋಷವೆಂದು ನನ್ನ ವಾದವಲ್ಲ. ಚೀನೀ ಜನರನ್ನು ಕುರಿತು ಆ ಹಾಡಿನಲ್ಲಿ ಬಳಸಿದ ಹಗುರವಾದ ನುಡಿ ಇಂದಿನ ಕಿವಿಗೆ ಇರಿಯುವುದು. ಕುಣಿಯುವ ಕಾಲು ಮಾತಿನ ಅರ್ಥವನ್ನು ವಿಚಾರಿಸುವುದಿಲ್ಲ. ಆ ವಿಚಾರಣೆಯನ್ನು ಮನಸ್ಸು ನಿಧಾನವಾಗಿ ಆಮೇಲೆ ಮಾಡಬೇಕಾಗುವುದು. ತಾಳವನ್ನು ಮೆಚ್ಚಿ ನುಡಿಯನ್ನು ಒಪ್ಪದಿರುವುದು ವಿರೋಧಾಭಾಸವಲ್ಲ, ರಸಿಕನ ಕರ್ತವ್ಯ.

ಬಿದ್ದು ಅವರು ಅಲ್ಲಿಗೇ ನಿಲ್ಲಲಿಲ್ಲ. 1980ರಲ್ಲಿ 'ಕುರ್ಬಾನಿ' ಚಿತ್ರಕ್ಕಾಗಿ ಪಾಕಿಸ್ತಾನದ ಬಾಲೆ ನಾಜಿಯಾ ಹಸನಳಿಂದ ಹಾಡಿಸಿದ 'ಆಪ್ ಜೈಸಾ ಕೋಯೀ' ಭಾರತದ ಮನೆಮನೆಗೆ ಡಿಸ್ಕೋವನ್ನು ತಂದಿತು. ಅಷ್ಟಾದರೂ ಆ ತಾಳದ ಹಿಂದೆ ಬೆಂಗಳೂರಿನ ಹುಡುಗನೊಬ್ಬನಿದ್ದನೆಂಬುದು ನಮ್ಮಲ್ಲಿ ಹಲವರಿಗೆ ತಿಳಿಯದು. ಹಾಡಿದವರ ಹೆಸರನ್ನು ಲೋಕವು ಬೇಗನೆ ಕಲಿಯುವುದು. ಹಾಡಿಸಿದವರ ಹೆಸರು ಹಿಂಬದಿಯಲ್ಲಿಯೇ ಉಳಿಯುವುದು. ಅದನ್ನು ತಿರುವಿ ನೋಡುವ ಶ್ರಮ ಕೇಳುಗರಾದ ನಮ್ಮದು.