ತಿಲೋನಿಯಾದ ಬಿಸಿಲ ಒಲೆ

ಜೈಪುರದಿಂದ ಅಜ್ಮೇರ್ ಕಡೆಗೆ ಹೋಗುವ ರೈಲು ಫುಲೇರಾ ಜಂಕ್ಷನ್ ದಾಟಿದರೆ ಕಿಟಕಿಯ ಹೊರಗೆ ಒಣನೆಲ, ಜಾಲಿಗಿಡ, ಕಣ್ಣು ಕುಕ್ಕುವ ಬಿಸಿಲು. ಸಮೀಪದಲ್ಲೇ ಸಾಂಭರ್ ಸರೋವರ. ಉಪ್ಪುನೀರನ್ನು ಪಾತಿಗಳಲ್ಲಿ ನಿಲ್ಲಿಸಿ, ಬರಿಯ ಬಿಸಿಲಿನಿಂದಲೇ ಉಪ್ಪು ತೆಗೆಯುವ ಕಸುಬು ಅಲ್ಲಿ ಶತಮಾನಗಳಿಂದ ನಡೆದಿದೆ. ಕಳೆದ ದಸರಾ ರಜೆಯಲ್ಲಿ ನಾನೂ ನನ್ನ ಪತ್ನಿಯೂ ಹೊರಟದ್ದು ಅದೇ ದಾರಿಯ ತಿಲೋನಿಯಾ ಎಂಬ ಹಳ್ಳಿಗೆ.

1972ರಲ್ಲಿ ಬಂಕರ್ ರಾಯ್ ಇಲ್ಲಿ ಕಟ್ಟಿದ ಸಂಸ್ಥೆಗೆ 'ಬೇರ್‌ಫುಟ್ ಕಾಲೇಜ್', ಅಂದರೆ ಬರಿಗಾಲ ಕಾಲೇಜು ಎಂದು ಹೆಸರು. ಓದು ಬರಹ ಹೆಚ್ಚು ತಿಳಿಯದ ಹಳ್ಳಿಯ ಹೆಂಗಸರು ಇಲ್ಲಿ ಸೌರದೀಪ ಜೋಡಿಸುವುದನ್ನು ಕಲಿಯುತ್ತಾರೆ. ನನಗೆ ಕುತೂಹಲವಿದ್ದುದು ಅವರೇ ವೆಲ್ಡಿಂಗ್ ಮಾಡಿ ತಯಾರಿಸುವ ಬಿಸಿಲ ಒಲೆಯ ಬಗ್ಗೆ.

ಅದಕ್ಕೆ ಮನೆಯ ಕಾರಣವೂ ಇತ್ತು. ವರ್ಷಗಳ ಹಿಂದೆ ಉತ್ಸಾಹದಿಂದ ಪೆಟ್ಟಿಗೆಯಂಥ ಸೋಲಾರ್ ಕುಕ್ಕರ್ ತಂದಿದ್ದೆ. ಅನ್ನ, ಬೇಳೆ ನಿಧಾನವಾಗಿ ಬೆಂದವು. "ಏನ್ರೀ, ಇದರಲ್ಲಿ ಒಗ್ಗರಣೆ ಹಾಕೋದು ಹೇಗೆ?" ಎಂದಳು ಪತ್ನಿ. ನನ್ನ ಬಿ.ಎಸ್ಸಿ.ಯಲ್ಲಿ ಉತ್ತರವಿರಲಿಲ್ಲ. ಪೆಟ್ಟಿಗೆ ಅಟ್ಟ ಸೇರಿತು.

ತಿಲೋನಿಯಾದ ಒಲೆ ಬೇರೆ ಬಗೆಯದು. ಇದರ ವಿನ್ಯಾಸ ವುಲ್ಫ್‌ಗ್ಯಾಂಗ್ ಶೆಫ್ಲರ್ ಅವರದು. ಅಂಗಳದಲ್ಲಿ ಕನ್ನಡಿ ಚೂರುಗಳನ್ನು ಜೋಡಿಸಿದ ದೊಡ್ಡ ಬೋಗುಣಿ ನಿಂತಿದೆ. ಅದು ಬಿಸಿಲನ್ನು ಅಡುಗೆಮನೆಯ ಗೋಡೆಯ ಕಿಂಡಿಯೊಳಗೆ ತಳ್ಳುತ್ತದೆ. ಒಳಗಿನ ಇನ್ನೊಂದು ಪ್ರತಿಫಲಕ ಅದನ್ನು ಪಾತ್ರೆಯ ತಳಕ್ಕೆ ತಿರುಗಿಸುತ್ತದೆ. ಬೋಗುಣಿ ಗಂಟೆಗೆ 15 ಡಿಗ್ರಿ ತಿರುಗುತ್ತ ಸೂರ್ಯನನ್ನು ಹಿಂಬಾಲಿಸಬೇಕು. ಆ ಕೆಲಸಕ್ಕೆ ಸ್ಪ್ರಿಂಗು, ಸೈಕಲ್ಲಿನ ಬಿಡಿಭಾಗಗಳಿಂದ ಮಾಡಿದ ಗಡಿಯಾರದಂಥ ಸಾಧನ. ಬೋಗುಣಿ ತಿರುಗಿದರೂ ಸಂಗಮಬಿಂದು ಕದಲುವುದಿಲ್ಲ. ಆದ್ದರಿಂದ ಅಡುಗೆಯವರು ನೆರಳಿನಲ್ಲೇ ನಿಂತು ಕೆಲಸ ಮಾಡಬಹುದು.

ಪತ್ನಿ ತನ್ನ ಹರಕು ಹಿಂದಿಯಲ್ಲಿ ಅದೇ ಹಳೆಯ ಪ್ರಶ್ನೆ ಕೇಳಿದಳು. ಒಲೆಯ ಮುಂದಿದ್ದ ಹೆಂಗಸು ನಕ್ಕು, ಬಾಣಲೆಗೆ ಎಣ್ಣೆ ಹಾಕಿದಳು. ಸ್ವಲ್ಪ ಹೊತ್ತಿಗೆ ಜೀರಿಗೆ ಚಟಪಟ ಎಂದಿತು. ಹೊಗೆಯಿಲ್ಲ, ಮಸಿಯಿಲ್ಲ.

ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಲಿ. ಶುಭ್ರ ಆಕಾಶವಿದ್ದಾಗ ಮಧ್ಯಾಹ್ನ, ಸೂರ್ಯನಿಗೆ ಎದುರಾದ ಒಂದು ಚದರ ಮೀಟರಿಗೆ ಸುಮಾರು 1 ಕಿಲೋವಾಟ್ ಶಕ್ತಿ ಬೀಳುತ್ತದೆ. 4 ಚದರ ಮೀಟರಿನಷ್ಟು ಬಿಸಿಲು ಹಿಡಿದು ಅರ್ಧ ನಷ್ಟವಾದರೂ 2 ಕಿಲೋವಾಟ್ ಉಳಿಯಿತು. 25 ಡಿಗ್ರಿಯ 10 ಲೀಟರ್ ನೀರು ಕುದಿಯಲು ಬೇಕಾದ ಶಾಖ 3,150 ಕಿಲೋಜೂಲ್. ಅಂದರೆ ಸುಮಾರು 26 ನಿಮಿಷ ಸಾಕು. ಬಿಸಿಲನ್ನು ವಿದ್ಯುತ್ತಾಗಿಸುವ ಫಲಕ ಅದರ ಐದನೇ ಒಂದು ಭಾಗವನ್ನಷ್ಟೇ ವಿದ್ಯುತ್ತಾಗಿ ಕೊಡುತ್ತದೆ. ದೀಪಕ್ಕೆ, ಪಂಪಿಗೆ ವಿದ್ಯುತ್ತೇ ಬೇಕು, ನಿಜ. ಆದರೆ ಹಳ್ಳಿಯ ಅಡುಗೆಮನೆ ಬೇಡುವುದು ಶಾಖವನ್ನು. ಶಾಖವನ್ನು ಶಾಖವಾಗಿಯೇ ಬಳಸುವುದು ಜಾಣತನ.

ಹಾಗಾದರೆ ಸೌದೆಯ ಚಿಂತೆ ತೀರಿತೇ? ಸಂಜೆ ಹಳ್ಳಿಯೊಳಗೆ ನಡೆದುಹೋದಾಗ ಉತ್ತರ ಕಾಣಿಸಿತು. ಸೂರ್ಯ ಮುಳುಗಿದ್ದ, ರೊಟ್ಟಿ ತಟ್ಟುವ ಹೊತ್ತು ಬಂದಿತ್ತು. ಒಂದು ಮನೆಯ ಮಾಡಿನಿಂದ ಹೊಗೆ ಏಳುತ್ತಿತ್ತು, ಒಳಗೆ ಯಾರೋ ಕೆಮ್ಮುತ್ತಿದ್ದರು. ಮಳೆಗಾಲದ ಮೋಡಕ್ಕೂ ಈ ಒಲೆಯಲ್ಲಿ ಮದ್ದಿಲ್ಲ. ಬೆಲೆಯೂ ಒಂದು ಮನೆಗೆ ಭಾರ. ಹತ್ತಾರು ಜನಕ್ಕೆ ಒಟ್ಟಿಗೆ, ಹಗಲಲ್ಲೇ ಬೇಯಿಸುವ ಕಡೆ ಇದು ಹೆಚ್ಚು ಸಲ್ಲುತ್ತದೆ. ನಮ್ಮ ಶಾಲೆಗಳ ಬಿಸಿಯೂಟ ಅಂಥದ್ದೇ ಅಲ್ಲವೇ?

ಕೆಮ್ಮುತ್ತ ಒಲೆ ಊದುತ್ತಿದ್ದ ನನ್ನ ತಾಯಿಯ ನೆನಪಾಯಿತು. ದಿನದ ಎರಡು ಅಡುಗೆಗಳಲ್ಲಿ ಒಂದಾದರೂ ಹೊಗೆಯಿಲ್ಲದೆ ಆಗಿದ್ದರೆ ಅವಳಿಗೆ ಅದೇ ದೊಡ್ಡ ವಿಜ್ಞಾನವಾಗುತ್ತಿತ್ತು.

ಊರಿಗೆ ಬಂದ ಮೇಲೆ ಅಟ್ಟದ ಪೆಟ್ಟಿಗೆ ಕೆಳಗಿಳಿದಿದೆ. ಈಗ ಬೇಳೆ ಅದರಲ್ಲಿ ಬೇಯುತ್ತದೆ; ಒಗ್ಗರಣೆ ಮಾತ್ರ ಗ್ಯಾಸಿನ ಮೇಲೆ.