ಡಬ್ಬಿಯ ಮೇಲಿನ ಮಾತು

ಗಾಣದ ಎಣ್ಣೆಯನ್ನು ಕೊಳ್ಳುವವನಿಗೆ ಅವನ ಮೂಗೇ ಪರೀಕ್ಷಾಶಾಲೆಯಾಗಿತ್ತು. ಒಂದು ಹನಿಯನ್ನು ಅಂಗೈಯಲ್ಲಿ ತಿಕ್ಕಿ ಮೂಸಿದರೆ ಅದು ಕುಸುಬೆಯೋ ಶೇಂಗಾವೋ, ಹೊಸದೋ ಹಳೆಯದೋ ಎಂಬುದು ತಿಳಿದುಬಿಡುತ್ತಿತ್ತು. ಬೀಜ ಕೊಳ್ಳುವ ರೈತನಿಗೂ ಒಂದು ಉಪಾಯವುಂಟು. ನೂರು ಕಾಳುಗಳನ್ನು ಎಣಿಸಿ, ಒದ್ದೆಯ ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳೆತವೆಷ್ಟು ಎಂದು ಲೆಕ್ಕ ಹಾಕಿದರೆ ಬೀಜದ ಗುಣ ಗೊತ್ತಾಗುತ್ತದೆ. ಆದರೆ ಮೋಟಾರ್ ಸೈಕಲ್ಲಿಗೆ ಎಂಜಿನ್ ಆಯಿಲ್ ಕೊಳ್ಳುವವನಿಗೆ ಮೂಗಾಗಲಿ ಕಣ್ಣಾಗಲಿ ನೆರವಾಗುವುದಿಲ್ಲ. ಒಳ್ಳೆಯದೂ ಕಳಪೆಯೂ ಒಂದೇ ಬಣ್ಣದಲ್ಲಿ ಹೊಳೆಯಬಲ್ಲವು. ಆಯ್ಕೆ ತಪ್ಪಾಗಿದ್ದರೆ ಅದು ತಿಳಿಯುವುದು ಸಾವಿರಾರು ಕಿಲೋಮೀಟರು ಓಡಿದ ಮೇಲೆ. ಆ ಹೊತ್ತಿಗೆ ಸವೆದ ಲೋಹ ಮರಳಿ ಬರುವುದಿಲ್ಲ. ಆದುದರಿಂದ ಅವನು ಡಬ್ಬಿಯ ಮೇಲಿನ ಮಾತನ್ನು ನಂಬಲೇಬೇಕು. ಎಷ್ಟು ನಂಬಬೇಕು, ಹೇಗೆ ನಂಬಬೇಕು ಎಂಬುದೇ ಪ್ರಶ್ನೆ.

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸೀಮೆಯಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಘಟಪ್ರಭೆಯ ನೀರುಂಡು ಬೆಳೆದ ಕಬ್ಬಿನ ಹೊಲಗಳ ನಡುವೆ ಹಾಯುವ ದಾರಿಗಳಲ್ಲಿ ಮೋಟಾರ್ ಸೈಕಲ್ಲು ಮನೆಯ ದುಡಿಯುವ ಆಳಿನಂತಿದೆ. ಹಾಲಿನ ಕ್ಯಾನು, ಮೇವಿನ ಹೊರೆ, ಗೊಬ್ಬರದ ಚೀಲ, ಸಂತೆಗೆ ಹೊರಟ ಕಾಯಿಪಲ್ಲೆ ಎಲ್ಲವೂ ಅದರ ಬೆನ್ನೇರುತ್ತವೆ. ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ಕೆಸರು, ಕಬ್ಬು ಕಡಿಯುವ ದಿನಗಳಲ್ಲಿ ಟ್ರ್ಯಾಕ್ಟರುಗಳ ಹಿಂದೆ ಆಮೆಯ ನಡಿಗೆ. ಈ ಊರುಗಳಲ್ಲಿ ಮೇಷ್ಟರಾಗಿ ತಿರುಗಾಡಿದ ವರ್ಷಗಳಲ್ಲಿ ನಾನು ಕಂಡುಕೊಂಡ ಸಂಗತಿಯೊಂದಿದೆ: ಎಂಜಿನ್ ಬಿಚ್ಚಿಸುವುದೆಂದರೆ ಎಷ್ಟೋ ಮನೆಗಳಲ್ಲಿ ಮಕ್ಕಳ ಶಾಲೆಯ ಶುಲ್ಕ ಮುಂದಿನ ತಿಂಗಳಿಗೆ ಹೋಯಿತೆಂದೇ ಅರ್ಥ.

ಎಣ್ಣೆಯ ಕೆಲಸವನ್ನು ತಿಳಿಯದೆ ಅದರ ಪರೀಕ್ಷೆಯನ್ನು ತಿಳಿಯಲಾಗದು. ನಮ್ಮ ಹಿರಿಯರು ಬಂಡಿಯ ಅಚ್ಚಿಗೆ ಹರಳೆಣ್ಣೆಯನ್ನು ಹಾಕುತ್ತಿದ್ದರು. ಮೊದಲನೆಯ ಮಹಾಯುದ್ಧದ ಕಾಲದ ಅನೇಕ ವಿಮಾನಗಳ ಎಂಜಿನ್ನುಗಳೂ ಹರಳೆಣ್ಣೆಯಲ್ಲೇ ಓಡಿದವು. ಇಂದು ಪ್ರಸಿದ್ಧವಾಗಿರುವ ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೂ ಹರಳೆಣ್ಣೆಯ ಇಂಗ್ಲಿಷ್ ಹೆಸರಾದ ಕ್ಯಾಸ್ಟರ್ ಎಂಬುದರಿಂದಲೇ. ಕಾವನ್ನು ತಡೆಯುವ ಪರೀಕ್ಷೆಯಲ್ಲಿ ಹರಳೆಣ್ಣೆ ಗಟ್ಟಿಗ. ಆದರೆ ದಿನ ಕಳೆದಂತೆ ಅದು ಅಂಟಾಗಿ ಲೋಹಕ್ಕೆ ಹತ್ತಿಕೊಳ್ಳುತ್ತದೆ. ಒಂದು ಗಂಟೆಯ ಪರೀಕ್ಷೆಯಲ್ಲಿ ಗೆದ್ದ ಎಣ್ಣೆ ಒಂದು ವರ್ಷದ ಪರೀಕ್ಷೆಯಲ್ಲಿ ಸೋಲಬಹುದು ಎಂಬ ಪಾಠ ಇಲ್ಲಿಯೇ ಇದೆ.

ಕಾರಿನ ಎಂಜಿನ್ನಿನ ಎಣ್ಣೆ ಸಾಮಾನ್ಯವಾಗಿ ಎಂಜಿನ್ನಿಗಷ್ಟೇ ಮೀಸಲು. ನಮ್ಮ ಬಹುಪಾಲು ಮೋಟಾರ್ ಸೈಕಲ್ಲುಗಳಲ್ಲಾದರೋ ಸುಮಾರು ಒಂದು ಲೀಟರು ಎಣ್ಣೆಯೇ ಮೂರು ಮನೆಗಳ ಸಂಸಾರವನ್ನು ತೂಗಿಸಬೇಕು. ಪಿಸ್ಟನ್ನು ಬೇರಿಂಗುಗಳಿಗೆ ಅದು ನುಣುಪನ್ನು ಕೊಡಬೇಕು. ಗೇರಿನ ಹಲ್ಲುಗಳ ಒತ್ತಡವನ್ನು ತಾಳಬೇಕು. ಎಣ್ಣೆಯಲ್ಲೇ ಮುಳುಗಿರುವ ಕ್ಲಚ್ಚಿನ ಪ್ಲೇಟುಗಳು ಜಾರದಂತೆ ಹಿಡಿತವನ್ನೂ ಉಳಿಸಬೇಕು. ಘರ್ಷಣೆಯನ್ನು ಅತಿಯಾಗಿ ತಗ್ಗಿಸುವ ಎಣ್ಣೆ ಎಂಜಿನ್ನಿಗೆ ಹಿತವಾದರೂ ಕ್ಲಚ್ಚಿಗೆ ವೈರಿಯಾಗಬಹುದು. ಆಗ ಏರುದಾರಿಯಲ್ಲಿ ಎಂಜಿನ್ ಕೂಗುತ್ತದೆ, ಗಾಡಿ ಮಾತ್ರ ಮುಂದೆ ಸರಿಯುವುದಿಲ್ಲ.

ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳು ಈ ವಿಷಯವನ್ನೇ ಹೇಳುತ್ತವೆ. ಎಸ್.ಎ.ಇ. 10ಡಬ್ಲ್ಯು-30 ಎಂಬಲ್ಲಿ ಮೊದಲನೆಯ ಅಂಕೆ ಚಳಿಯಲ್ಲಿ ಎಣ್ಣೆ ಎಷ್ಟು ಸರಾಗವಾಗಿ ಹರಿಯುವುದೆಂಬುದನ್ನೂ, ಎರಡನೆಯದು 100 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಅದರ ಮಂದತೆ ಎಷ್ಟು ಉಳಿಯುವುದೆಂಬುದನ್ನೂ ಸೂಚಿಸುತ್ತವೆ. ಎ.ಪಿ.ಐ. ಎಂಬುದರ ಮುಂದಿನ ಅಕ್ಷರಗಳು ಎಂಜಿನ್ನಿನ ರಕ್ಷಣೆಯ ದರ್ಜೆಯನ್ನು ತಿಳಿಸುತ್ತವೆ. ಜಪಾನಿನವರು 1998ರಲ್ಲಿ ಜಾಸೋ ಟಿ 903 ಎಂಬ ಮಾನದಂಡವನ್ನು ತಂದುದು ಮೋಟಾರ್ ಸೈಕಲ್ಲಿನ ಎಣ್ಣೆಗಾಗಿಯೇ. ಅದರಲ್ಲಿ ಎಂ.ಎ. ಎಂದರೆ ಕ್ಲಚ್ಚಿಗೆ ಹಿಡಿತ ಕೊಡುವ ಎಣ್ಣೆ, ಎಂ.ಬಿ. ಎಂದರೆ ಹಿಡಿತ ಕಡಿಮೆಯಿರುವ, ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿಲ್ಲದ ಸ್ಕೂಟರುಗಳಿಗೆ ಒಗ್ಗುವ ಎಣ್ಣೆ. ಈ ಪರೀಕ್ಷೆಯನ್ನೂ ತಯಾರಕನೇ ಮಾಡಿಸಿ ನೋಂದಾಯಿಸುತ್ತಾನೆ, ನಿಜ. ಆದರೆ ಪರೀಕ್ಷೆಯ ವಿಧಾನ ಎಲ್ಲರಿಗೂ ಒಂದೇ ಆಗಿದೆ, ಬಹಿರಂಗವಾಗಿದೆ. ಬೇರೊಬ್ಬರು ಅದನ್ನೇ ಮತ್ತೆ ಮಾಡಿ ನೋಡಬಹುದು.

ದೊಡ್ಡ ಅಕ್ಷರಗಳ ಮಾತು ಬೇರೆ. ‘ಅರ್ಧದಷ್ಟು ಕಡಿಮೆ ಸವೆತ’ ಎಂದು ಬರೆದಿದ್ದರೆ, ಯಾವುದಕ್ಕಿಂತ ಕಡಿಮೆ? ಹಳೆಯ ಎಣ್ಣೆಗಿಂತಲೋ, ಎದುರಾಳಿಯ ಎಣ್ಣೆಗಿಂತಲೋ, ನಿಯಮ ವಿಧಿಸಿದ ಕನಿಷ್ಠ ಮಟ್ಟಕ್ಕಿಂತಲೋ? ಮೂರೂ ಬೇರೆ ಬೇರೆ ಹೇಳಿಕೆಗಳು. ಮೈಲೇಜಿನ ಅಂಕೆಯೂ ಹೀಗೆಯೇ. 1966ರಲ್ಲಿ ಸ್ಥಾಪಿತವಾದ ಪುಣೆಯ ಎ.ಆರ್.ಎ.ಐ. ಸಂಸ್ಥೆಯಂಥ ಕಡೆ ವಾಹನವನ್ನು ಉರುಳೆಗಳ ಮೇಲೆ ನಿಲ್ಲಿಸಿ, ಗೊತ್ತುಪಡಿಸಿದ ವೇಗಗಳಲ್ಲಿ ಓಡಿಸಿ ಅಳೆಯುತ್ತಾರೆ. ಆ ಅಂಕೆ ಸುಳ್ಳಲ್ಲ. ಎರಡು ವಾಹನಗಳನ್ನು ಹೋಲಿಸಲು ಅದು ಬೇಕೇ ಬೇಕು. ಆದರೆ ಇಬ್ಬರನ್ನು ಕೂರಿಸಿಕೊಂಡು, ಎದುರುಗಾಳಿಯಲ್ಲಿ ಹುಕ್ಕೇರಿಯ ದಾರಿ ಹಿಡಿದ ಗಾಡಿಗೂ ಅದೇ ಅಂಕೆ ಬರಬೇಕೆಂದರೆ ಆಗದು.

ಒಮ್ಮೆ ಈ ಭಾಗದ ಒಂದು ಜಾತ್ರೆಯಲ್ಲಿ ಮಾರಾಟಗಾರನೊಬ್ಬ ಒಂದು ಚಿಕ್ಕ ಯಂತ್ರವನ್ನು ಇಟ್ಟುಕೊಂಡಿದ್ದನು. ತಿರುಗುವ ಉಕ್ಕಿನ ಗಾಲಿಗೆ ಒಂದು ಉಕ್ಕಿನ ತುಂಡನ್ನು ಸನ್ನೆಗೋಲಿನಿಂದ ಒತ್ತುತ್ತಿದ್ದನು. ಸಾಧಾರಣ ಎಣ್ಣೆ ಸವರಿದಾಗ ಗಾಲಿ ಕಿರುಚಿ ನಿಂತಿತು. ತನ್ನ ಸೀಸೆಯ ದ್ರವವನ್ನು ಬೆರೆಸಿದಾಗ ಎಷ್ಟು ತೂಕ ಹೇರಿದರೂ ನಿಲ್ಲಲಿಲ್ಲ. ಜನ ಬೆರಗಾಗಿ ಹಣ ತೆಗೆಯತೊಡಗಿದರು. ನನ್ನ ಪಕ್ಕದಲ್ಲಿ ನಿಂತಿದ್ದ ಮೂಡಲಗಿಯ ಒಬ್ಬ ಗ್ಯಾರೇಜಿನ ಮಿಸ್ತ್ರಿ ಮೆಲ್ಲಗೆ, “ಗುರುಗಳ, ಎಣ್ಣಿ ಪರೀಕ್ಷಾ ಮಾಡ್ಯಾನ ಖರೆ. ಆದ್ರ ಎಂಜಿನ್ ಎಲ್ಲೈತ್ರೀ?” ಎಂದನು.

ಆ ಒಂದು ಮಾತಿನಲ್ಲಿ ತರ್ಕಶಾಸ್ತ್ರವೇ ಅಡಗಿತ್ತು. ಎಂಜಿನ್ನಿನ ಮುಖ್ಯ ಬೇರಿಂಗುಗಳು ಓಡುವಾಗ ಲೋಹಕ್ಕೆ ಲೋಹವನ್ನು ತಾಗಿಸದೆ ಎಣ್ಣೆಯ ತೆಳು ಪದರಿನ ಮೇಲೆ ತೇಲುತ್ತವೆ. ಗಾಲಿಯ ಮೇಲೆ ಹೇರಿದಂಥ ಒತ್ತಡ ಅಲ್ಲಿಲ್ಲ. ಅಂಥ ಒತ್ತಡವನ್ನು ಗೆಲ್ಲುವ ಕ್ಲೋರಿನ್ ಬೆರೆತ ಕೆಲವು ದ್ರವಗಳು ಎಂಜಿನ್ನಿನ ಕಾವಿನಲ್ಲಿ ಆಮ್ಲವನ್ನು ಹುಟ್ಟಿಸಿ ಲೋಹವನ್ನೇ ತಿನ್ನಬಹುದು. ಕಣ್ಣು ಕಂಡದ್ದು ಸುಳ್ಳಲ್ಲ. ಆದರೆ ಕಂಡದ್ದು ಬೇರೊಂದರ ಪರೀಕ್ಷೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಇಂಥಲ್ಲಿಗೇ ಹುಟ್ಟಿದಂತಿದೆ.

ಪರೀಕ್ಷೆ ಸರಿಯಾಗಿದ್ದರೂ ವರದಿಯಲ್ಲಿ ಅದು ಪೂರ್ತಿಯಾಗಿ ಬಂದಿದೆಯೇ ಎಂಬುದು ಇನ್ನೊಂದು ಪ್ರಶ್ನೆ. ಅಮೆರಿಕದಲ್ಲಿ ಝೀಮ್ಯಾಕ್ಸ್ ಎಂಬ, ಎಂಜಿನ್ ಎಣ್ಣೆಗೆ ಬೆರೆಸುವ ದ್ರವದ ಮಾರಾಟಗಾರರ ಮೇಲೆ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2001ರಲ್ಲಿ ಮೊಕದ್ದಮೆ ಹೂಡಿತು. ಅವರು ಮಾಡಿಸಿದ ಪರೀಕ್ಷೆಗಳಲ್ಲೇ ಬೇರಿಂಗಿನ ಕೊರೆತ ಬರಿಯ ಎಣ್ಣೆಯಲ್ಲಿದ್ದುದಕ್ಕಿಂತ ಎರಡು ಪಟ್ಟು ಮೀರಿತ್ತು. ಆ ಅಂಕೆಗಳನ್ನು ಬಿಟ್ಟು ವರದಿಯನ್ನು ಗ್ರಾಹಕರಿಗೆ ತೋರಿಸಲಾಯಿತು ಎಂಬುದು ಆರೋಪ. 2003ರಲ್ಲಿ ರಾಜಿಯಾಗಿ, ಆಧಾರವಿಲ್ಲದ ಹೇಳಿಕೆಗಳನ್ನು ನೀಡುವುದಿಲ್ಲವೆಂದೂ ಕೊಂಡವರಿಗೆ 10 ಲಕ್ಷ ಡಾಲರುಗಳವರೆಗೆ ಹಣ ಹಿಂದಿರುಗಿಸುವುದೆಂದೂ ಒಪ್ಪಂದವಾಯಿತು. ನಮ್ಮಲ್ಲಿಯೂ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ದಾರಿತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶ ಕೊಟ್ಟಿದೆ.

ಹಾಗಾದರೆ ತಯಾರಕರನ್ನು ನಂಬಲೇಬಾರದೆ? ಹಾಗಲ್ಲ. ಯಾರನ್ನೂ ನಂಬದವನು ಒಂದು ಗುಳಿಗೆಯನ್ನೂ ನುಂಗಲಾರ, ಒಂದು ಬಸ್ಸನ್ನೂ ಹತ್ತಲಾರ. ನಮ್ಮ ನೈಯಾಯಿಕರು ಆಪ್ತನ ಮಾತನ್ನು ಪ್ರಮಾಣವೆಂದು ಒಪ್ಪಿದರು. ಆದರೆ ಆಪ್ತನೆಂದರೆ ವಸ್ತುವನ್ನು ಇದ್ದಂತೆ ತಿಳಿದವನು, ತಿಳಿದಂತೆ ಹೇಳುವವನು ಎಂದು ಎರಡು ಲಕ್ಷಣಗಳನ್ನಿಟ್ಟರು. ಎಣ್ಣೆಯ ತಯಾರಕನಿಗೆ ಮೊದಲನೆಯ ಲಕ್ಷಣ ಚೆನ್ನಾಗಿಯೇ ಇದೆ. ತನ್ನ ಸರಕನ್ನು ಅವನಷ್ಟು ಬಲ್ಲವರಿಲ್ಲ. ಎರಡನೆಯದಕ್ಕೆ ಅವನ ಲಾಭ ಅಡ್ಡ ಬರಬಹುದು. ಹೆತ್ತವರಿಗೆ ಹೆಗ್ಗಣ ಮುದ್ದು. ಎಲ್ಲಿ ಮಾತು ತಪ್ಪಿದರೆ ಹೇಳಿದವನಿಗೇ ನಷ್ಟವೋ ಅಲ್ಲಿ ನಂಬಿಕೆಗೆ ಹೆಚ್ಚು ಆಧಾರವಿದೆ. ಮೋಟಾರ್ ಸೈಕಲ್ಲಿನ ಕಂಪನಿ ತನ್ನ ಕೈಪಿಡಿಯಲ್ಲಿ ಇಂಥ ದರ್ಜೆಯ ಎಣ್ಣೆಯನ್ನೇ ಹಾಕಿರೆಂದು ಬರೆದಾಗ, ವಾರಂಟಿಯ ಅವಧಿಯಲ್ಲಿ ಎಂಜಿನ್ ಕೆಟ್ಟರೆ ದುರಸ್ತಿಯ ಹೊರೆ ಅದರ ಮೇಲೆಯೇ ಬೀಳುತ್ತದೆ. ಆದುದರಿಂದ ಜಾಹೀರಾತಿಗಿಂತ ಆ ಕೈಪಿಡಿಯ ಸಾಲಿಗೆ ತೂಕ ಹೆಚ್ಚು.

ಮುಂದೆ ನೀವೂ ಮನೆಗೆ ಬೇಕಾದುದನ್ನು ಕೊಳ್ಳುವವರಾಗುತ್ತೀರಿ. ಎಣ್ಣೆಯಾಗಲಿ, ಬೀಜವಾಗಲಿ, ಔಷಧವಾಗಲಿ, ‘ಪರೀಕ್ಷಿಸಲಾಗಿದೆ’ ಎಂಬ ಮಾತು ಎದುರಾದಾಗ ನಾಲ್ಕು ಪ್ರಶ್ನೆಗಳನ್ನು ಕೇಳಿರಿ. ಪರೀಕ್ಷಿಸಿದವರು ಯಾರು? ಯಾವುದರ ಮೇಲೆ ಪರೀಕ್ಷಿಸಿದರು? ಯಾವುದಕ್ಕೆ ಹೋಲಿಸಿದರು? ಹೇಳದೆ ಬಿಟ್ಟದ್ದೇನು? ಉತ್ತರ ದೊರೆತಷ್ಟು ನಂಬಿರಿ. ಎಣ್ಣೆಯ ಮಟ್ಟಿಗಂತೂ ಕೈಪಿಡಿಯ ಅಕ್ಷರಗಳನ್ನು ಡಬ್ಬಿಯ ಅಕ್ಷರಗಳೊಂದಿಗೆ ಹೊಂದಿಸಿ ನೋಡಿ, ಮುದ್ರೆ ಒಡೆಯದ ಡಬ್ಬಿಯನ್ನು ಕೊಂಡು, ಹೇಳಿದ ಅವಧಿಗೆ ತಪ್ಪದೆ ಬದಲಿಸುವವನ ಗಾಡಿ, ಅತಿ ಬೆಲೆಯ ಎಣ್ಣೆ ಹಾಕಿಸಿ ಅದನ್ನು ಮರೆತುಬಿಡುವವನ ಗಾಡಿಗಿಂತ ಹೆಚ್ಚು ಕಾಲ ಬಾಳುತ್ತದೆ.